ಗುಲಾಬಿ ಬಿಟ್ಟ ಸಿಲಿಂಡರ್

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಟೀಗೆ ನೀರಿಡಲು ಎದ್ದ ಡೆಸ್ಮಂಡ್ ಪಿಮ್, ಒಲೆಯ ಪಕ್ಕದ ಗೋಡೆ ನೋಡಿ, ಕೈಯಲ್ಲಿದ್ದ ಕೆಟಲನ್ನು ಕಾಲ ಮೇಲೆ ಬೀಳಿಸಿಕೊಂಡ. ಮೂರು ದಿನದ ಹಿಂದೆ ಕೆಂಪಗೆ, ತನ್ನ ಪಾಡಿಗೆ ತಾನು ನೇತಾಡುತ್ತಿದ್ದ ಬೆಂಕಿ ನಂದಿಸುವ ಸಿಲಿಂಡರ್ ಈಗ ಗುಲಾಬಿ ಬಿಟ್ಟಿತ್ತು. ಮೈತುಂಬ ಗುಲಾಬಿ, ನಡುವೆ ಒಂದು ಕೋಟೆ, ಕೋಟೆಯ ಮುಂದೆ ಕೆರೆ, ಕೆರೆಯಲ್ಲಿ ಹಂಸ. ಕುಂಟುತ್ತಾ ದೋಣಿಯ ಹಿಂಬಾಗಿಲಿಗೆ ಓಡಿದ. ಅಲ್ಲಿದ್ದ ಎರಡನೆಯದಕ್ಕೂ ಅದೇ ಗತಿ. ಅದರ ಕೋಟೆಗೆ ಬಾವುಟ ಬೇರೆ. ಒತ್ತಡ ತೋರಿಸುವ ಗೇಜಿನ ಗಾಜಿನ ಮೇಲೆ ಒಂದು ಮೊಗ್ಗು. ತಯಾರಾದ ತಾರೀಖು, ಬಳಸುವ ವಿಧಾನ, ಮುದ್ರೆ, ಎಲ್ಲವೂ ಕೋಟೆಯ ಅಡಿಪಾಯದಲ್ಲಿ ಹೂತುಹೋಗಿದ್ದವು.

ಅವತ್ತೇ ಮೂರು ಗಂಟೆಗೆ ಪರೀಕ್ಷೆ! ಕಾಲುವೆಯ ಮೇಲೆ ಸಂಸಾರ ಹೂಡಿದವರಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ಗ್ರಹಚಾರ ಅದು. ಗ್ಯಾಸು, ವೈರು, ಒಲೆ, ಬೆಂಕಿ ನಂದಿಸುವ ಸಾಮಾನು ಎಲ್ಲ ನೆಟ್ಟಗಿದೆ ಎಂಬ ಸರ್ಟಿಫಿಕೇಟ್ ಇಲ್ಲದೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದೆ ದೋಣಿ ಕಟ್ಟಲು ದಂಡೆಯಿಲ್ಲ. ಡೆಸ್ಮಂಡನ ಲೈಸೆನ್ಸ್ ಅವತ್ತಿಗೇ ಮುಗಿಯುತ್ತಿತ್ತು. ಈ ಪರೀಕ್ಷೆ ತಪ್ಪಿದರೆ ಮತ್ತೆ ಸರದಿ ಸಿಗುವುದು ಆರು ವಾರಕ್ಕೆ, ಅಷ್ಟರಲ್ಲಿ ಜಾಗ ಇನ್ನೊಬ್ಬರ ಪಾಲು. ಆಮೇಲೆ ಉಳಿಯುವುದು ಒಂದೇ ದಾರಿ, ಸ್ಟಾಫರ್ಡಿನಲ್ಲಿ ಅಕ್ಕ ಮ್ಯುರಿಯಲ್‌ಳ ಮನೆ. ಅಲ್ಲಿ ಸೋಫಾದ ಮೇಲೆ ಕೂರಲು ಬೇರೆ ಪ್ಯಾಂಟು, ಐದೂವರೆಗೆ ಬೇಯಿಸಿದ ಎಲೆಕೋಸು, ಆರಕ್ಕೆ ಗಿಳಿಗೆ ನಿದ್ದೆ, ಆದ್ದರಿಂದ ಮನೆಮಂದಿಗೆಲ್ಲ ಮೌನವ್ರತ. ಅರವತ್ತಮೂರನೆಯ ಹುಟ್ಟುಹಬ್ಬಕ್ಕೆಂದು ಎರಡು ದಿನ ಅಲ್ಲಿದ್ದ ಡೆಸ್ಮಂಡ್, ಜೈಲಿನಿಂದ ತಪ್ಪಿಸಿಕೊಂಡವನಂತೆ ಹಿಂದಿನ ಸಂಜೆ ಓಡಿಬಂದು, ಬಟ್ಟೆ ಪೆಟ್ಟಿಗೆಯನ್ನು ದೋಣಿಯ ಮುಂಭಾಗದಲ್ಲೇ ಎಸೆದು, ದೀಪವನ್ನೂ ಹಚ್ಚದೆ ಹಾಸಿಗೆಗೆ ಬಿದ್ದಿದ್ದ.

ಗುಲಾಬಿ ಯಾರ ಕೈಯದೆಂದು ಕೇಳಬೇಕಾಗಿರಲಿಲ್ಲ. ಪಕ್ಕದ ದೋಣಿಯ ಎಪ್ಪತ್ತೆಂಟರ ವಿನ್ನಿ ಆಂಟಿ ಕಲ್ಲಿದ್ದಲು ಸಾಗಿಸುವ ದೋಣಿಯಲ್ಲೇ ಹುಟ್ಟಿ ಬೆಳೆದವಳು. ಆ ಜನಕ್ಕೆ ನೀರಿನ ಕೊಡ, ಬಕೆಟ್ಟು, ಮಣೆ, ಯಾವುದು ಬೋಳಾಗಿ ಕಂಡರೂ ತಡೆಯುವುದಿಲ್ಲ. ಅದರ ಮೇಲೊಂದು ಗುಲಾಬಿ, ಒಂದು ಕೋಟೆ ಬರೆದರೇ ಸಮಾಧಾನ. ಅವಳ ದೋಣಿ ಡೆಸ್ಮಂಡನ ದೋಣಿಗೆ ಮೂತಿಗೆ ಮೂತಿ ತಾಗಿಸಿ ನಿಂತಿತ್ತು. ನಡುವೆ ಅವಳು ಒಣಹಾಕಿದ ಹಾಸುಬಟ್ಟೆಗಳ ಪರದೆ. ಬೀಗದ ಕೈಯೂ ಅವಳ ಹತ್ತಿರ ಒಂದಿತ್ತು.

ಡೆಸ್ಮಂಡ್ ದಂಡೆಗುಂಟ ಬುಸುಬುಸು ಎನ್ನುತ್ತಾ ಹೋಗಿ ಅವಳ ಬಾಗಿಲು ಬಡಿದ.

"ಬಂದ್ಯಾ ನನ್ ಬಾತುಮರಿ! ನೋಡ್ದ್ಯಾ?" ಎಂದಳು ವಿನ್ನಿ ಆಂಟಿ. ಪ್ರೀತಿ ಬಂದರೆ ಎದುರಿಗಿದ್ದವರನ್ನು ಬಾತು ಮಾಡುವುದು ಆ ಸೀಮೆಯ ವಾಡಿಕೆ. "ಹುಟ್ಟಿದಬ್ಬಕ್ಕೆ ಏನ್ ಕೊಡ್ಲಿ ಅಂತ ವಾರದಿಂದ ಯೋಚ್ನೆ. ಆ ಕೆಂಪು ಡಬ್ಬಿಗಳು ಪಾಪ, ಬೋಳುಬೋಳಾಗಿದ್ವು. ಈಗೀಗ ಕೈ ನಡುಗುತ್ತೆ ಕಣೋ. ಆದ್ರೂ ಹಂಸದ ಕತ್ತು ಸರಿಯಾಗ್ ಬಂತು, ಅಲ್ವಾ?"

ಬೈಯಲೆಂದೇ ತೆರೆದಿದ್ದ ಬಾಯಿ ಆ ನಡುಗುವ ಕೈ ನೋಡಿ ಹಾಗೇ ನಿಂತಿತು. ಮೂವತ್ತೆಂಟು ವರ್ಷ ಮನೆಮನೆಗೆ ಕಾಗದ ಹಂಚಿದ ಡೆಸ್ಮಂಡ್, ಕಚ್ಚಿದ ನಾಯಿಯ ಯಜಮಾನನಿಗೂ ಒಂದು ಕೆಟ್ಟ ಮಾತು ಆಡಿದವನಲ್ಲ.

"ಚೆನ್ನಾಗಿದೆ ಆಂಟಿ," ಎಂದ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. "ತುಂಬಾ ಚೆನ್ನಾಗಿದೆ. ಇನ್ನಷ್ಟು ಇದ್ದಿದ್ರೂ ಸಾಕು ಅನ್ನಿಸ್ತಿರ್ಲಿಲ್ಲ."

"ಹೌದಾ?" ಎಂದಳು ಆಂಟಿ, ಕಣ್ಣೊರೆಸಿಕೊಳ್ಳುತ್ತಾ.

"ದೇವರಾಣೆ," ಎಂದು ಡೆಸ್ಮಂಡ್ ಕಾಲಿಗೆ ಬುದ್ಧಿ ಹೇಳಿದ.

ನೇರವಾಗಿ ಹೋದದ್ದು ದೋಣಿಗಳ ಸಂಘದ ಅಧ್ಯಕ್ಷ ರೋಲಂಡ್ ಪೀಚ್‌ನ ಹತ್ತಿರ. ಜಾಗಕ್ಕಾಗಿ ಕಾಯುವವರ ಪಟ್ಟಿ ಇಡುವವನೂ ಅವನೇ. ಪಟ್ಟಿಯ ಮೊದಲ ಹೆಸರು ಅವನ ಭಾವಮೈದನದು.

"ನಿನ್ ಸಿಲಿಂಡರ್ ಸಂಜೆ ತನಕ ಕೊಡಯ್ಯಾ ರೋಲಂಡ್, ಪುಣ್ಯ ಬರುತ್ತೆ."

"ನಿಯಮ ಏನ್ ಹೇಳುತ್ತೆ ಗೊತ್ತಾ?" ಎಂದು ರೋಲಂಡ್ ಶುರುಮಾಡಿದವನು, ಡೆಸ್ಮಂಡನ ಮುಖ ನೋಡಿ ಸುಮ್ಮನೆ ಒಳಗೆ ಹೋಗಿ ಸಿಲಿಂಡರ್ ತಂದ. ಅದರ ಮೇಲೂ ಗುಲಾಬಿ.

"ಕ್ರಿಸ್‌ಮಸ್‌ಗೆ," ಎಂದ ತಲೆ ತಗ್ಗಿಸಿ.

"ಬೇಡ ಅನ್ನೋದಲ್ವಾ?"

"ಅಯ್ಯೋ, ಅವಳ ಕೈ ನಡುಗ್ತಿತ್ತು ಕಣಯ್ಯಾ."

ಮೂರನೆಯ ದೋಣಿಯ ಗ್ವೆಂಡಾ ಕಿಟಕಿಯಿಂದಲೇ ತಲೆ ಹಾಕಿದಳು. "ನಂದೂ ಅಷ್ಟೇ, ಈಸ್ಟರ್‌ಗೆ. ನನ್ನ ಹಂಸಕ್ಕೆ ಕತ್ತೇ ಇಲ್ಲ. ಬೆಂಕಿ ಬಿದ್ರೆ ಏನ್ ಮಾಡೋಣ, ಗುಲಾಬಿ ಮೂಸ್ತಾ ಕೂರೋಣ್ವಾ?"

ಹೊಸದು ಕೊಳ್ಳುವುದೊಂದೇ ಉಳಿಯಿತು. ದೋಣಿ ಸಾಮಾನಿನ ಅಂಗಡಿ ನಾಲ್ಕು ಮೈಲಿ ದೂರ. ಡೆಸ್ಮಂಡ್ ಸೈಕಲ್ ಹತ್ತಿ ದಂಡೆಯ ಹಾದಿಯಲ್ಲಿ ಹೊರಟಾಗ ಹಾಸುಬಟ್ಟೆಗಳ ಹಿಂದಿನಿಂದ ಆಂಟಿಯ ದನಿ ಬಂತು. "ಬಾತುಮರಿ, ನಿನ್ ಹತ್ರ ಹಸಿರು ಬಣ್ಣ ಇದ್ಯಾ?"

"ಹಿಂದಿನ ಡಬ್ಬದಲ್ಲಿದೆ, ಏನ್ ಬೇಕೋ ತಗೊಳ್ಳಿ!" ಎಂದು ಹಿಂದಿರುಗಿ ನೋಡದೆ ಕೂಗಿದ.

ಅಂಗಡಿಯಲ್ಲಿ ಎರಡೇ ಎರಡು ಉಳಿದಿದ್ದವು. ಒಂದನ್ನು ಬೆನ್ನಿಗೆ ಕಟ್ಟಿಕೊಂಡು, ಇನ್ನೊಂದನ್ನು ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು, ದಾರಿಯಲ್ಲಿ ಅಡ್ಡ ಬಂದ ಹೆಬ್ಬಾತಿನಿಂದ ಹೊಡೆಸಿಕೊಂಡು, ಅವನು ವಾಪಸಾದಾಗ ಒಂದೂವರೆ. ಒಳಗೆ ರೋಲಂಡ್, ಗ್ವೆಂಡಾ ಇಬ್ಬರೂ ಸಹಾಯ ಮಾಡಲು ಬಂದು ಕೂತಿದ್ದರು. ಇಂಥ ಸಹಾಯ ಶತ್ರುವಿಗೂ ಬೇಡ.

"ಪರೀಕ್ಷೆ ಮಾಡೋರು ಕೇಳ್ತಾರೆ ಕಣಯ್ಯಾ, ಹೇಗೆ ಬಳಸ್ತೀರಿ ಅಂತ," ಎಂದು ರೋಲಂಡ್ ಒಂದನ್ನು ಕೈಗೆತ್ತಿಕೊಂಡ. "ಮೊದಲು ಈ ಪಿನ್ನು ಹೀಗೆ..."

"ಎಳೀಬೇಡ!" ಎಂದಳು ಗ್ವೆಂಡಾ.

"ಎಳೆಯೋದಿಲ್ಲಮ್ಮ, ಬರೀ ತೋರಿಸ್ತೀನಿ," ಎಂದು ರೋಲಂಡ್ ಎಳೆದ.

ಹಿಡಿಯೂ ಅದುಮಿಹೋಗಿ ಭುಸ್ಸೆಂದು ಬಂದ ಬಿಳಿ ಪುಡಿ ನಿಲ್ಲುವಷ್ಟರಲ್ಲಿ ಒಲೆ, ಹಾಸಿಗೆ, ಬ್ರೆಡ್ಡು, ಗ್ವೆಂಡಾ, ಎಲ್ಲವೂ ಒಂದೇ ಬಣ್ಣ. ಗಿರಣಿಯಿಂದ ಎದ್ದುಬಂದಂತಿದ್ದ ರೋಲಂಡ್ ಎರಡು ಸಲ ಸೀನಿ, "ಕೆಲಸ ಮಾಡುತ್ತೆ," ಎಂದ.

ಡೆಸ್ಮಂಡನಿಗೆ ಅಳು ಬಂತು. ಅಳಲು ಹೊತ್ತೆಲ್ಲಿ? ಗ್ವೆಂಡಾ ಕೈಗೆ ಪೊರಕೆ, ರೋಲಂಡ್ ಕೈಗೆ ಒದ್ದೆ ಬಟ್ಟೆ ಕೊಟ್ಟು, ಕಾಲುವೆಯ ತೂಬುಬಾಗಿಲ ಪಕ್ಕದ ಪಬ್ಬಿಗೆ ಓಡಿದ. "ಐದಕ್ಕೆ ಮೀನು ಕರಿಯೋಕೆ ಶುರು, ಅಷ್ಟರಲ್ಲಿ ಇದು ಇಲ್ಲಿರ್ಬೇಕು," ಎಂಬ ಕರಾರಿನ ಮೇಲೆ ಪಬ್ಬಿನವನು ಅಡುಗೆಮನೆಯ ಬೆಂಕಿ ನಂದಿಸುವ ಸಿಲಿಂಡರ್ ಬಿಚ್ಚಿಕೊಟ್ಟ. ಗುಲಾಬಿ ಬಿಟ್ಟವನ್ನು ಎಲ್ಲಿ ಬಚ್ಚಿಡುವುದು? ಪರೀಕ್ಷೆ ಮಾಡುವವರಿಗೂ ಕಾಣಬಾರದು, ಮೂಲೆಗೆ ಬಿದ್ದದ್ದು ಇಣುಕಿದ ಆಂಟಿಗೂ ಕಾಣಬಾರದು. ಎರಡನ್ನೂ ಓವನ್ನಿಗೆ ತುರುಕಿ ಬಾಗಿಲು ಒತ್ತುವುದಕ್ಕೂ ಹೊರಗೆ ವ್ಯಾನು ನಿಲ್ಲುವುದಕ್ಕೂ ಸರಿಹೋಯಿತು.

ಪರೀಕ್ಷಕಿ ಮಿಸ್ ಪ್ಯಾಜೆಟ್ ಗಿಡ್ಡಗೆ, ಚುರುಕಾಗಿದ್ದಳು. ಕೈಯಲ್ಲಿ ಟಾರ್ಚು, ಕೋಲಿಗೆ ಸಿಕ್ಕಿಸಿದ ಕನ್ನಡಿ. "ಒಳಗಿನದು ಮೊದಲು, ಮುಂಭಾಗ ಕೊನೆಗೆ," ಎಂದು ಹಿಂಬಾಗಿಲಿನಿಂದ ಇಳಿದಳು. ವೈರು ನೋಡಿದಳು, ಸರಿ. ಬೆಂಕಿಯ ಮೇಲೆ ಹೊದಿಸುವ ಕಂಬಳಿ, ಸರಿ. ಹೊಗೆ ಬಂದರೆ ಕಿರುಚುವ ಯಂತ್ರವನ್ನು ಒತ್ತಿದಳು. ಅದು ಕಿರುಚಿತು, ಡೆಸ್ಮಂಡನೂ ಕಿರುಚಿದ. ಸಿಲಿಂಡರುಗಳ ಗೇಜು, ತಾರೀಖು, ಸರಿ. ಆಮೇಲೆ ಓವನ್ ತೆರೆದಳು.

ಟಾರ್ಚು ಬಿಟ್ಟು ಒಳಗಿನ ಗುಲಾಬಿ, ಕೋಟೆ, ಹಂಸ ಎಲ್ಲ ನೋಡಿದಳು.

"ಇಪ್ಪತ್ತೆರಡು ವರ್ಷದಿಂದ ಈ ಕೆಲಸದಲ್ಲಿದ್ದೀನಿ," ಎಂದಳು ಮಿಸ್ ಪ್ಯಾಜೆಟ್. "ಬೆಂಕಿ ಆರಿಸೋದನ್ನ ಬೇಯೋಕಿಟ್ಟವರನ್ನ ಇವತ್ತೇ ನೋಡಿದ್ದು."

ಡೆಸ್ಮಂಡ್ ಇದ್ದದ್ದನ್ನೆಲ್ಲ ಹೇಳಿಬಿಟ್ಟ. ಹುಟ್ಟುಹಬ್ಬ, ಹಂಸ, ನಡುಗುವ ಕೈ, ಪಬ್ಬಿನ ಸಿಲಿಂಡರ್, ಮ್ಯುರಿಯಲ್, ಎಲೆಕೋಸು. ಮಿಸ್ ಪ್ಯಾಜೆಟ್‌ಳ ತುಟಿಯ ಒಂದು ಕೊನೆ ಸಡಿಲವಾಯಿತು.

"ಇವನ್ನ ಗೋಡೆಗೆ ಹಾಕ್ಬೇಡಿ, ಓವನ್ನಿಗಂತೂ ಬೇಡವೇ ಬೇಡ. ಪಬ್ಬಿನದು ವಾಪಸ್ ಕೊಟ್ಟು ವಾರದೊಳಗೆ ಇನ್ನೊಂದು ತಂದು ನಂಗೆ ಫೋಟೊ ಕಳ್ಸಿ. ಆ ಆಂಟಿಗೆ ನಿಜ ಹೇಳ್ಬಿಡ್ರೀ. ಒಂದು ಮಾತಿನಲ್ಲಿ ಮುಗಿಯುತ್ತೆ."

"ನಾಳೇನೇ ಹೇಳ್ತೀನಿ ಮೇಡಂ!"

"ಹಾಗಾದ್ರೆ ಪಾಸಾದ ಹಾಗೇ. ಮುಂದೆ ಗ್ಯಾಸಿನ ಪೆಟ್ಟಿಗೆ ನೋಡಿ, ದೋಣಿ ನಂಬರ್ ಬರ್ಕೊಂಡು ಹೊರಡ್ತೀನಿ."

ಡೆಸ್ಮಂಡ್‌ಗೆ ಬೆಳಿಗ್ಗೆಯಿಂದ ಮೊದಲ ಸಲ ಉಸಿರು ಸರಾಗವಾಗಿ ಬಂತು. ದಂಡೆಯ ಮೇಲೆ ಮುಂದೆ ನಡೆದು, ಹಾಸುಬಟ್ಟೆಯ ಪರದೆಯನ್ನು ತಾನೇ ಸರಿಸಿ, "ಬನ್ನಿ ಮೇಡಂ," ಎಂದ.

ದೋಣಿಯ ಮೂತಿ ಇರಲಿಲ್ಲ. ಅಲ್ಲೊಂದು ಕೋಟೆಯಿತ್ತು. ನಂಬರ್ ಇದ್ದ ಕಡೆ ಗುಲಾಬಿ ತೋಟ. "ಗ್ಯಾಸ್ ಇಲ್ಲಿ ಬಂದ್ ಮಾಡಿ" ಎಂದು ಬರೆದಿದ್ದ ಮುಚ್ಚಳದ ಮೇಲೆ ಕೆರೆ, ಕೆರೆಯಲ್ಲಿ ಸಾಲಾಗಿ ಏಳು ಹಂಸ. ಪಕ್ಕದಲ್ಲಿ ಮಣೆ ಹಾಕಿಕೊಂಡು, ಮೂಗಿನ ಮೇಲೆ ಹಸಿರು ಬಣ್ಣ ಮೆತ್ತಿಕೊಂಡು ವಿನ್ನಿ ಆಂಟಿ ಕೂತಿದ್ದಳು.

"ನೀನೇ ಹೇಳ್ದ್ಯಲ್ಲ ಬಾತುಮರಿ, ಇನ್ನಷ್ಟು ಇದ್ರೂ ಸಾಕಾಗಲ್ಲ ಅಂತ! ದೇವರಾಣೆ ಬೇರೆ ಇಟ್ಟೆ."

ಮಿಸ್ ಪ್ಯಾಜೆಟ್ ಮಂಡಿಯೂರಿ ಪೆಟ್ಟಿಗೆಯ ತಳಕ್ಕೆ ಕನ್ನಡಿ ಹಿಡಿದಳು. "ಸೋರಿದ ಗ್ಯಾಸ್ ಹೊರಗೆ ಹೋಗೋಕೆ ಇಲ್ಲಿ ತೂತುಗಳಿರ್ಬೇಕಲ್ಲ?"

"ಇದ್ವಮ್ಮ, ಎರಡು," ಎಂದಳು ಆಂಟಿ ಹೆಮ್ಮೆಯಿಂದ. "ಕೋಟೆ ಬಾಗಿಲಿಗೆ ಅಡ್ಡ ಬರ್ತಿದ್ವು. ಪುಟ್ಟಿ ತುಂಬಿ ಮುಚ್ಚಿದೆ. ಹಳೇ ಕಾಲದ್ದು, ಒಣಗಿದ್ರೆ ಕಬ್ಬಿಣ. ಉಳಿ ಮುರೀಬೇಕು, ಅದು ಬಿಡಲ್ಲ."

ಮಿಸ್ ಪ್ಯಾಜೆಟ್ ಎದ್ದು ನಿಂತು, ಡೆಸ್ಮಂಡನನ್ನು ನಿಜವಾದ ಮರುಕದಿಂದ ನೋಡಿ, ಕಾಗದದ ಮೇಲೆ ಒಂದೇ ಶಬ್ದ ಬರೆದು ಹರಿದು ಕೊಟ್ಟಳು. "ಆರು ವಾರ ಬಿಟ್ಟು ಫೋನ್ ಮಾಡಿ," ಎಂದಳು. ದಂಡೆಯ ಮೇಲೆ ರೋಲಂಡ್ ಆಗಲೇ ಬೆನ್ನು ತಿರುಗಿಸಿ ಮೆಲುದನಿಯಲ್ಲಿ ಭಾವಮೈದನಿಗೆ ಫೋನು ಹಚ್ಚಿದ್ದ.

ಐದೂವರೆಯ ಎಲೆಕೋಸಿಗೆ ಇನ್ನೂ ಒಂದೂಮುಕ್ಕಾಲು ಗಂಟೆಯಿತ್ತು. ನಾಲ್ಕು ಹತ್ತರ ಬಸ್ಸು ಹಿಡಿದರೆ ಸರಿಹೋಗುತ್ತದೆ. ಡೆಸ್ಮಂಡ್ ಬಗ್ಗಿ, ಹಿಂದಿನ ಸಂಜೆ ಅಲ್ಲೇ ಎಸೆದಿದ್ದ ಬಟ್ಟೆ ಪೆಟ್ಟಿಗೆಯ ಹಿಡಿ ಹಿಡಿದೆತ್ತಿದ.

"ಅಯ್ಯೋ, ಅದು ಇನ್ನೂ ಒಣಗಿಲ್ಲ ಕಣೋ!" ಎಂದು ಆಂಟಿ ಚೀರಿದಳು.

ಅವನು ಅಂಗೈ ತಿರುಗಿಸಿ ನೋಡಿಕೊಂಡ. ನಡುಮಧ್ಯೆ ಒಂದು ಗುಲಾಬಿ, ಎಸಳೆಸಳಾಗಿ ಅಚ್ಚೊತ್ತಿತ್ತು. ಮಿಸ್ ಪ್ಯಾಜೆಟ್ ವ್ಯಾನಿನ ಬಾಗಿಲಲ್ಲೇ ನಿಂತು, ಹೇಳಿ, ಈಗಲಾದರೂ ಹೇಳಿ ಎನ್ನುವಂತೆ ಹುಬ್ಬು ಹಾರಿಸಿದಳು.

ಡೆಸ್ಮಂಡ್ ಬಾಯಿ ತೆರೆದ. ಆಂಟಿ ಮೂಗಿನ ಮೇಲಿನ ಹಸಿರನ್ನು ನಡುಗುವ ಕೈಯಿಂದ ಒರೆಸಿಕೊಳ್ಳುತ್ತಾ ಅವನ ಮುಖವನ್ನೇ ನೋಡುತ್ತಿದ್ದಳು.

"ಚೆನ್ನಾಗಿದೆ ಆಂಟಿ," ಎಂದ. "ತುಂಬಾ ಚೆನ್ನಾಗಿದೆ."