ತೊಟ್ಟಿಕ್ಕುವ ನಲ್ಲಿಯೂ ತೊಟ್ಟ ಶಪಥವೂ

ಇಷ್ಟಕ್ಕೆಲ್ಲ ಕಾರಣ ನಮ್ಮ ಬೀದಿಯ ಪ್ಲಂಬರ್ ನಕ್ಕಿದ್ದು. ಅವನು ನಗಬಾರದಿತ್ತು.

ಅಡುಗೆಮನೆ ನಲ್ಲಿಗೆ ವಾಷರ್ ಹಾಕಲು ಬಂದವನು ಸವೆದು ಹಪ್ಪಳವಾಗಿದ್ದ ಹಳೇ ವಾಷರನ್ನು ಬೆಳಕಿಗೆ ಹಿಡಿದು, "ಈ ನಲ್ಲೀನ ದಿನಾ ತಿರುಗಿಸೋದು ಯಾರಮ್ಮಾ? ಮನುಷ್ಯರೇನಾ?" ಅಂತ ನನ್ನ ಹೆಂಡತಿಯನ್ನು ಕೇಳಿದ. ಕೇಳಿ ನಕ್ಕ. ನಾನು ಲಾರಿ ಟೈರ್ ಬಿಚ್ಚಿ ಹಾಕುವವನು. ಬೆಳಗಿಂದ ಸಂಜೆವರೆಗೆ ಸ್ಪ್ಯಾನರ್ ಮೇಲೆ ನಿಂತು ಕುಣಿದು ನಟ್ಟು ಬಿಗಿಯುವ ಮೈ ಇದು. ಮನೆಗೆ ಬಂದ ಕೂಡಲೇ ಹೂವು ಮುಟ್ಟಿದ ಹಾಗೆ ನಲ್ಲಿ ಮುಟ್ಟು ಅಂದರೆ ಹೇಗೆ?

"ಎದ್ದು ನಡಿ! ಇನ್ನೊಂದು ಸಲ ಈ ಹೊಸಿಲು ತುಳಿದರೆ ನೋಡು!" ಅಂದೆ. ಹೋದ. ಹೊಸ ವಾಷರ್ ಬಿಗಿದಿಟ್ಟೇ ಹೋದ. ಹೋಗುವಾಗಲೂ ನಗುತ್ತಿದ್ದ.

ಆಮೇಲೆ ನಮ್ಮ ಮನೆಯ ನೀರಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ಬಚ್ಚಲಿನ ನಲ್ಲಿ ಅಳಲು ಶುರು ಮಾಡಿತು. ಸಿಂಕಿನ ಕೆಳಗಿನ ಪೈಪು ಬೆವರಿತು. ಸುತ್ತಮುತ್ತ ಬೇರೆ ಪ್ಲಂಬರೂ ಇಲ್ಲ. ಕೊನೆಗೆ ಆ ಅಡುಗೆಮನೆ ನಲ್ಲಿಯೇ ಮತ್ತೆ ಟಪ್ ಟಪ್ ಅಂತ ತೊಟ್ಟಿಕ್ಕತೊಡಗಿದಾಗ ಹೆಂಡತಿ ಸೆರಗು ಸಿಕ್ಕಿಸಿಕೊಂಡು ನಿಂತಳು.

"ರೀ, ಆ ಅಣ್ಣನ್ನ ಕರೀತೀರೋ ಇಲ್ವೋ?"

"ಅವನು ಯಾವ ಸೀಮೆ ಅಣ್ಣನೇ ನಿಂಗೆ?"

"ನಾನು ಮೊದಲಿಂದ ಅಣ್ಣ ಅಂತಾನೇ ಕರೆಯೋದು."

"ಹೊಸಿಲು ತುಳೀಬಾರದು ಅಂದಿದೀನಿ. ಆಡಿದ ಮಾತು ಆಡಿದ್ದೇ. ನಾನೇ ಮಾಡ್ತೀನಿ."

"ಆಯ್ತು, ಮಾಡಿ. ಆಗದೇ ಹೋದ್ರೆ ಮಾತ್ರ ನೀವೇ ಅವರ ಮನೆಗೆ ಹೋಗಿ, 'ಭಾವಾ, ತಪ್ಪಾಯ್ತು, ಬನ್ನಿ' ಅಂತ ಕರ್ಕೊಂಡು ಬರ್ಬೇಕು. ಭಾವಾ ಅನ್ನಬೇಕು. ನಂಗೆ ಅಣ್ಣ ಆದ್ರೆ ನಿಮಗೆ ಭಾವ ತಾನೆ?"

ಒಪ್ಪಿಕೊಂಡೆ. (ಸಿಟ್ಟಿನಲ್ಲಿ ನಾನು ಏನನ್ನು ಬೇಕಾದರೂ ಒಪ್ಪಿಕೊಳ್ಳುತ್ತೇನೆ. ನಮ್ಮ ಮದುವೆ ಮಾತುಕತೆಯೂ ಹಾಗೇ ಮುಗಿದದ್ದು.)

ಮಹಡಿಗೆ ಹೋಗಿ ಟ್ಯಾಂಕಿನ ಬಳಿಯ ವಾಲ್ವು ಮುಚ್ಚಿ ಬಂದೆ. ನಲ್ಲಿಯ ತಲೆ ಬಿಚ್ಚಿದೆ. ಹೊರಗೆ ಇಷ್ಟು ದೊಡ್ಡ ಹಿತ್ತಾಳೆಯ ದಿಮಾಕು, ಒಳಗೆ ನೋಡಿದರೆ ಉಗುರಗಲದ ಒಂದು ರಬ್ಬರ್ ಚೂರು! ಅಂಗೈಯಲ್ಲಿಟ್ಟುಕೊಂಡು ನೋಡೇ ನೋಡಿದೆ. ಮೇಲೆ ಒಂದು ಟ್ಯಾಂಕು ನೀರು ತಲೆ ಮೇಲೆ ಕೂತಿರುತ್ತದೆ, ಅದನ್ನೆಲ್ಲ ಹಗಲೂ ರಾತ್ರಿ 'ತಡಿ, ಇನ್ನೂ ಕರೆದಿಲ್ಲ' ಅಂತ ತಡೆದು ನಿಲ್ಲಿಸುವುದು ಈ ಪುಟಾಣಿ! ಲಾರಿಯ ಭಾರ ಹೊತ್ತ ಟೈರುಗಳನ್ನು ನೋಡಿದವನು ನಾನು. ಆದರೂ ನನ್ನ ಮೈ ಜುಮ್ಮೆಂದಿತು.

ಅಷ್ಟರಲ್ಲಿ ಬಚ್ಚಲಿಂದ ಗುಡುಗು.

"ಅಳಿಯಂದ್ರೇ! ನೀರು!"

ನಮ್ಮತ್ತೆ. ನಮ್ಮ ಜೊತೆಯಲ್ಲೇ ಇರುವವರು. ಇಡೀ ಲೋಕದ ಮೇಲೆ ರೇಗುವ ನಾನು ಇವತ್ತಿನವರೆಗೂ ಎದುರು ಮಾತಾಡದ ಒಂದೇ ಒಂದು ಜೀವ. ತಲೆ ತುಂಬ ಸೋಪು ಹಚ್ಚಿಕೊಂಡಿದ್ದರಂತೆ.

"ಕಣ್ಣು ಉರೀತಿದೆ ಅಳಿಯಂದ್ರೇ!"

ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಓಡಿದೆ. ವಾಲ್ವು ತೆರೆದೆ. ಅತ್ತೆಯ ಕಣ್ಣು ಉಳಿಯಿತು ಅಂತ ನಿಟ್ಟುಸಿರು ಬಿಡುವಾಗ, ಕೆಳಗೆ ತಲೆಯಿಲ್ಲದ ನಲ್ಲಿಯೊಂದಿದೆ ಎಂಬ ಸಂಗತಿ ನೆನಪಾಯಿತು.

ಅಡುಗೆಮನೆ ಬಾಗಿಲಲ್ಲಿ ಬಂದು ನಿಂತವನು ಹಾಗೇ ನಿಂತುಬಿಟ್ಟೆ. ಜಲಸ್ತಂಭ! ನಲ್ಲಿಯ ಕತ್ತಿನಿಂದ ಎದ್ದು ಸೀದಾ ಛಾವಣಿಗೆ ಬಡಿದು, ಅಲ್ಲಿಂದ ಕೊಡೆ ಬಿಚ್ಚಿದ ಹಾಗೆ ನಾಲ್ಕೂ ಕಡೆ ಸುರಿಯುತ್ತಿದೆ. ಕಿಟಕಿಯ ಬಿಸಿಲು ಬಿದ್ದು ಒಲೆಯ ಮೇಲೊಂದು ತುಂಡು ಕಾಮನಬಿಲ್ಲು ಬೇರೆ. ಅಯ್ಯೋ ಅನ್ನಬೇಕೋ ಆಹಾ ಅನ್ನಬೇಕೋ ತಿಳಿಯದೆ ಬಾಯಿ ತೆರೆದೆ. ಬಾಯಿಗೂ ನೀರು ಬಂತು.

"ಬೇಲೂರ ಗೊಂಬೆ ಹಾಗೆ ನಿಂತ್ಕೋಬೇಡಿ, ಪಕ್ಕಕ್ಕೆ ಸರೀರಿ!"

ಹೆಂಡತಿ ತರಕಾರಿ ಬುಟ್ಟಿಗೆ ಕೈ ಹಾಕಿ ಒಂದು ಗಜ್ಜರಿ ಎಳೆದಳು. ತುದಿಯನ್ನು ಚಾಕುವಿನಲ್ಲಿ ಒಂದೇಟು ಹಾರಿಸಿದಳು, ನೀರಿನೊಳಗೆ ಕೈ ತೂರಿಸಿ ನಲ್ಲಿಯ ಕತ್ತಿಗೆ ಒತ್ತಿ, ಲಟ್ಟಣಿಗೆಯಿಂದ ಮೇಲೊಂದು ಬಿಟ್ಟಳು. ನಿಂತಿತು! ಅಷ್ಟು ನೀರಿನ ಆರ್ಭಟ ಒಂದು ಗಜ್ಜರಿಯ ಮುಂದೆ ಬಾಲ ಮುದುರಿಕೊಂಡಿತು. ಬಚ್ಚಲಿನಲ್ಲಿ ಅತ್ತೆ ನಿಶ್ಚಿಂತೆಯಿಂದ ತಲೆ ತೊಳೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು.

"ಯಾರು ಕಲಿಸಿದ್ರೇ ಇದನ್ನ?"

"ನಿಮ್ಮ ಜೊತೆ ಸಂಸಾರ ಮಾಡೋರು ಎಲ್ಲಾನೂ ಕಲೀಬೇಕಾಗತ್ತೆ," ಅಂದಳು ಮುಖ ಒರೆಸಿಕೊಳ್ಳುತ್ತ.

ನಾನು ಬಿಡುವವನಲ್ಲ. ಅತ್ತೆಯ ಸ್ನಾನ ಮುಗಿದ ಮೇಲೆ ಅವರ ಅಪ್ಪಣೆ ಪಡೆದೇ ವಾಲ್ವು ಮುಚ್ಚಿದೆ. ಗಜ್ಜರಿಗೆ ಮನಸ್ಸಿನಲ್ಲೇ ಕೈ ಮುಗಿದು ಕಿತ್ತೆ. ಅಂಗಡಿಯಿಂದ ತಂದಿದ್ದ ಲಾರಿ ಟ್ಯೂಬಿನ ರಬ್ಬರಿನಲ್ಲಿ ಒಂದು ವಾಷರ್ ಕತ್ತರಿಸಿದೆ. ದಪ್ಪವಾಯಿತು. ಇನ್ನೊಂದು ಕತ್ತರಿಸಿದೆ. ಓರೆಯಾಯಿತು. ಕೊನೆಗೊಂದು ದುಂಡಗೆ ಬಂತು. ಕೂರಿಸಿದೆ. ಬಿಗಿಯುವಾಗ ಕೈ ತಂತಾನೇ ಲಾರಿಯ ನಟ್ಟನ್ನು ನೆನೆಸಿಕೊಂಡಿತು. 'ಬೇಡ' ಅಂತ ನನ್ನ ಕೈಗೆ ನಾನೇ ಗದರಿ, ಎರಡೇ ಬೆರಳಲ್ಲಿ ಬಿಗಿದೆ. ಜೀವಮಾನದಲ್ಲೇ ನಾನು ಅಷ್ಟು ಮೆತ್ತಗೆ ಯಾವುದನ್ನೂ ಮುಟ್ಟಿರಲಿಲ್ಲ.

"ಮೇಲೆ ಹೋಗಿ ವಾಲ್ವು ತೆಗಿಯೇ!"

ಹೆಂಡತಿ ಹೋದಳು. ಮೇಲಿಂದ ಕೂಗಿದಳು: "ತೆಗೆದೆ ಕಣ್ರೀ!"

ನಲ್ಲಿ ತಿರುಗಿಸಿದೆ. ಒಂದೆರಡು ಹನಿ ಬಿತ್ತು. ಆಮೇಲೆ ಉಸಿರಿಲ್ಲ. ಪೂರ್ತಿ ತಿರುಗಿಸಿದೆ. ಒಣ ಗಂಟಲಿನ ಹಾಗೆ ಗೊರ್ ಅಂತು. ವಾಷರ್ ಅಡ್ಡ ಕೂತಿದೆ ಅಂದುಕೊಂಡು ಮತ್ತೆ ಬಿಚ್ಚಿದೆ, ಸವರಿದೆ, ಹಾಕಿದೆ. ಇಲ್ಲ. ನಲ್ಲಿಗೆ ಬೈದೆ. ರಬ್ಬರಿಗೆ ಬೈದೆ. ಅದನ್ನು ಮಾರಿದವನಿಗೂ ಬೈದೆ. ಹೆಂಡತಿ ಕೆಳಗೆ ಬಂದು ಬಾಗಿಲಿಗೆ ಒರಗಿ ನಿಂತಳು. ನನ್ನ ಚಪ್ಪಲಿಯನ್ನು ಕಾಲ ಹತ್ತಿರ ತಂದಿಟ್ಟಳು.

ಹೋದೆ. ಪ್ಲಂಬರ್ ಜಗುಲಿಯಲ್ಲಿ ಕೂತಿದ್ದ. "ಭಾ..." ಅಂದೆ. ಕೆಮ್ಮಿದೆ. "ಭಾವಾ, ತಪ್ಪಾಯ್ತು, ಬನ್ನಿ."

ಈ ಸಲ ಅವನು ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಬಂದವನು ನಲ್ಲಿಯ ಕತ್ತಿಗೆ ಕಿವಿಯಿಟ್ಟ. ಏನೂ ಬಿಚ್ಚದೆ ಸೀದಾ ಮಹಡಿ ಹತ್ತಿದ. ಮರುಗಳಿಗೆಗೆ ನಲ್ಲಿಯಿಂದ ನೀರು ಗಾಜಿನ ಕಡ್ಡಿಯ ಹಾಗೆ ನೆಟ್ಟಗೆ ಇಳಿಯಿತು! ಅವನು ಕೆಳಗೆ ಬಂದು ಒಂದೇ ಬೆರಳಲ್ಲಿ ಮುಚ್ಚಿದ. ನಿಂತಿತು. ತೆರೆದ. ಬಂತು. ಒಂದು ತೊಟ್ಟೂ ಸೋರಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ನನ್ನ ಓರೆ ವಾಷರನ್ನು ಎತ್ತಿ ನೋಡಿದ.

"ಯಾರ ಕೈಕೆಲಸ ಭಾವಾ ಇದು? ಟ್ಯೂಬ್ ರಬ್ಬರ್! ನಂಗೂ ಹೊಳೆದಿರ್ಲಿಲ್ಲ. ವಾಲ್ವು ಮುಚ್ಚಿತ್ತು, ಅಷ್ಟೇ."

ಗೆದ್ದಿದ್ದೆ. ಗೆದ್ದಾದ ಮೇಲೆ ಹೋಗಿ ಸೋತು ಬಂದಿದ್ದೆ.

"ತೆಗೆದೆ ಅಂದ್ಯಲ್ಲೇ!" ಅಂತ ಹೆಂಡತಿಯ ಕಡೆ ತಿರುಗಿದೆ.

"ಅವಳು ತೆಗೆದಿದ್ಳು," ಅಂದರು ಅತ್ತೆ, ಒದ್ದೆ ಕೂದಲು ಕೊಡವುತ್ತ. "ಅವಳ ಹಿಂದೇನೇ ಹೋಗಿ ಮುಚ್ಚಿದ್ದು ನಾನು. ಇವರು ಬರದೇ ಹೋಗಿದ್ರೆ ಬಚ್ಚಲ ನಲ್ಲಿ ಯಾವಾಗ ರಿಪೇರಿ ಆಗ್ಬೇಕಿತ್ತು ಮತ್ತೆ?"

ಮೊಣಕಾಲು ನೋವು ಅಂತ ವರುಷದಿಂದ ಒಂದು ಮೆಟ್ಟಿಲೂ ಹತ್ತದ ಅತ್ತೆ! ಕೂಗಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಅವರ ಮೊಣಕಾಲನ್ನೇ ನೋಡುತ್ತ ನಿಂತೆ.

"ಅಣ್ಣಾ, ಹೆಂಗೂ ಬಂದಿದೀರಿ, ಸಿಂಕಿನ ಕೆಳಗಿಂದೂ ನೋಡ್ಬಿಡಿ," ಅಂದಳು ಹೆಂಡತಿ.

ಅವನು ಸಿಂಕಿನ ಕೆಳಗೆ ಮಲಗಿಕೊಂಡು ಒಳಗಿಂದ ಕೂಗಿದ: "ಭಾವಾ, ಬ್ಯಾಟರಿ ಹಿಡೀರಿ. ಇನ್ನೂ ಸ್ವಲ್ಪ ಬಗ್ಗಿ. ಹಾಂ, ಅಲ್ಲಾಡಿಸ್ಬೇಡಿ."

ಬಗ್ಗಿದೆ. ಅಲ್ಲಾಡಿಸಲಿಲ್ಲ.