ಸಂತೆಯ ಚೌಕಾಶಿಯಲ್ಲಿ ಕಲಿಸಿದ ಪ್ಯಾರಾಗ್ರಾಫು

ಇಂಗ್ಲಿಷ್ ಪ್ಯಾರಾಗ್ರಾಫ್ ಕಲಿಸುವುದು ದೊಡ್ಡ ವಿದ್ಯೆಯೇನಲ್ಲ. ನೇಸರಗಿಯ ಸಂತೆಯಲ್ಲಿ ಉಳ್ಳಾಗಡ್ಡಿ ಮಾರುತ್ತಲೇ ಓದಿ ಮಾಸ್ತರನಾದವನು ನಾನು. ಎಂಥ ಗಿರಾಕಿಯನ್ನೂ ಒಪ್ಪಿಸಬಲ್ಲೆ. ಅಂಥವನಿಗೆ ಐದನೆಯ ತರಗತಿಯ ಮಕ್ಕಳಿಂದ ಐದು ವಾಕ್ಯ ಬರೆಸುವುದು ಯಾವ ಲೆಕ್ಕ! ಹೀಗೆಂದು ಬಲವಾಗಿ ನಂಬಿದ್ದೆ.

ನನ್ನ ನೆಮ್ಮದಿ ಕೆಡಿಸಿದವರು ಪಕ್ಕದ ಕೋಣೆಯ ನಾಲ್ಕನೆಯ ತರಗತಿಯ ಸುನಂದಾ ಟೀಚರ್. ಒಂದು ದಿನ ಅವರು ತಮ್ಮ ಊಟದ ಡಬ್ಬಿಯನ್ನು ಮಕ್ಕಳ ಮುಂದೆ ಬಿಚ್ಚಿದರು. "ಮ್ಯಾಲಿನ ರೊಟ್ಟಿ ಮೊದಲನೇ ವಾಕ್ಯ, ಯಾವುದರ ಬಗ್ಗೆ ಹೇಳತೇವಂತ ತಿಳಸೂದು. ನಡುವಿನ ಎಣ್ಣಿಗಾಯಿ, ಶೇಂಗಾ ಚಟ್ನಿ ಅದರ ವಿವರ. ಕೆಳಗಿನ ರೊಟ್ಟಿ ಮುಕ್ತಾಯ" ಎಂದರು. ಅಷ್ಟೇ! ಅದರ ವಿಡಿಯೊ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಬಂತು. ಎಂಬತ್ತೊಂದು ಚಪ್ಪಾಳೆ ಬಿದ್ದವು. ನಾನೇನೂ ಎಣಿಸುತ್ತ ಕೂಡಲಿಲ್ಲ. ಎರಡೇ ಸಲ ಎಣಿಸಿದೆ.

ಹುಟ್ಟಿದಾಗಿನಿಂದ ನಾನೂ ರೊಟ್ಟಿಯನ್ನೇ ತಿನ್ನುತ್ತಿದ್ದೇನೆ. ನನಗೇಕೆ ಹೊಳೆಯಲಿಲ್ಲ?

"ಚಾ ಆರಾಕ ಹತ್ತೈತಿ. ಫೋನ್ ನೋಡಿ ಯಾಕ ಹಲ್ಲ ಕಡೀತೀರಿ?" ಎಂದಳು ಹೆಂಡತಿ ಗಿರಿಜಾ.

"ಆ ರೊಟ್ಟಿ ಎಷ್ಟ ದಪ್ಪ ಐತಿ ನೋಡು! ಇಂಥಾದಕ್ಕ ಚಪ್ಪಾಳಿ ಬ್ಯಾರೆ!"

"ರೊಟ್ಟಿ ತೆಳ್ಳಗ ಐತ್ರೀ. ನಿಮ್ಮ ಹೊಟ್ಟ್ಯಾಗಿನ ಉರಿನ ದಪ್ಪ ಆಗೇತಿ."

ಉರಿಗೆ ಕಾರಣವಿತ್ತು. ಮುಂದಿನ ವಾರ ಶಿಕ್ಷಣ ಇಲಾಖೆಯ ಸಾಹೇಬರು ಬಂದು ನಮ್ಮಿಬ್ಬರ ಪಾಠವನ್ನೂ ನೋಡಿ, ಒಬ್ಬರನ್ನು ತರಬೇತುದಾರರನ್ನಾಗಿ ಆರಿಸುವವರಿದ್ದರು. ಸುತ್ತಲಿನ ತಾಲೂಕುಗಳ ಮಾಸ್ತರರಿಗೆಲ್ಲ ಪಾಠ ಹೇಳುವ ಪದವಿ! ನಾನು ಬಿಟ್ಟಿಯಾಗಿ ಸಲಹೆ ಕೊಡತೊಡಗಿದರೆ ಜನ ಎದ್ದು ಹೋಗುತ್ತಾರೆ. ತರಬೇತಿಯಲ್ಲಿ ಎದ್ದು ಹೋಗುವಂತಿಲ್ಲ. ಹಾಜರಿ ಇರುತ್ತದೆ!

ಆದ್ದರಿಂದ ನಾನು ರೊಟ್ಟಿಯನ್ನು ಮೀರಿಸುವ ಮಹಾನ್ ಪದ್ಧತಿಯೊಂದನ್ನು ಕಂಡುಹಿಡಿದೆ. ಪ್ಯಾರಾಗ್ರಾಫ್ ಎಂದರೆ ದನದ ಸಂತೆಯ ವ್ಯಾಪಾರ!

"ಎತ್ತ ಮಾರಾಂವ ಮೊದಲ ಒಂದ ಮಾತ ದೊಡ್ಡದಾಗಿ ಹೇಳತಾನ. ಆಮ್ಯಾಲ ಅದಕ್ಕ ಕಾರಣ ಕೊಡತಾನ. ಕಡೀಕ ಕೈಮ್ಯಾಲ ಕೈ ಹೊಡದ ಮಾತ ಮುಗಸತಾನ. ಪ್ಯಾರಾಗ್ರಾಫೂ ಹಂಗ" ಎಂದೆ. ಮಕ್ಕಳ ಕಣ್ಣು ಮಿಂಚಿದವು. ದನದ ದಲ್ಲಾಳಿಯ ಮಗಳು ನೀಲವ್ವ ಎದ್ದು ನಿಂತಳು.

"ನಮ್ಮ ಎತ್ತ ಹತ್ತ ಊರಿಗೆ ಒಂದನೇ ನಂಬರ್ ಐತ್ರಿ ಸರ್!"

ಮಾಸ್ತರನಾದವನು ಇಲ್ಲಿ 'ಯಾಕೆ?' ಎಂದು ಕೇಳಬೇಕು. ಆಗ ಕಾರಣಗಳು ಬರುತ್ತವೆ. ಆದರೆ ಸಂತೆಯಲ್ಲಿ ಬೆಳೆದ ನಾಲಗೆ ನನ್ನ ಮಾತು ಕೇಳಲಿಲ್ಲ.

"ಹತ್ತ ಊರ ಆಗೂದಿಲ್ಲವಾ! ಐದಕ್ಕ ಇಳದ ಮಾತಾಡು!"

"ಐದ ಬಾಳ ಕಡಿಮಿ ಆತ್ರಿ. ಏಳ ಮಾಡ್ರಿ."

"ಆರು! ಇದ ಕಡೀ ಮಾತು!"

"ಹೂಂರಿ, ಆರ ಊರಿಗೆ ಒಂದನೇ ನಂಬರ್!"

ಕೈಮೇಲೆ ಕೈ ಹೊಡೆದೆವು. ತರಗತಿ ಹೋ ಎಂದಿತು. ಕಾರಣ ಹೇಳುವುದು ಮಾತ್ರ ನನಗೂ ಮರೆತಿತ್ತು, ಮಕ್ಕಳಿಗೂ ಮರೆತಿತ್ತು.

ಮರುದಿನ ಹೆಡ್‌ಮಾಸ್ತರರು ನನ್ನ ಮಕ್ಕಳ ನೋಟ್‌ಬುಕ್ ಹಿಡಿದುಕೊಂಡು ಬಂದರು. ಒಬ್ಬ ಬರೆದಿದ್ದ: "ಮೈ ಹೌಸ್ ಹ್ಯಾಸ್ ಟೆನ್ ರೂಮ್ಸ್. ಓಕೆ, ಸಿಕ್ಸ್ ರೂಮ್ಸ್. ಲಾಸ್ಟ್, ಟೂ ರೂಮ್ಸ್ ಅಂಡ್ ಒನ್ ಬಫೆಲೋ."

"ಏನ್ರೀ ಮಾಸ್ತರ, ಒಂದನೇ ವಾಕ್ಯ ಹೇಳಿದ್ದನ್ನ ಉಳದ ವಾಕ್ಯ ಗಟ್ಟಿ ಮಾಡಬೇಕೋ, ಇಳಸಬೇಕೋ?"

ಜಾಣನಾಗಿದ್ದರೆ ಅಲ್ಲೇ ತಿದ್ದುತ್ತಿದ್ದೆ. ಆದರೆ ಆ ಹೊತ್ತಿಗೆ ಪಕ್ಕದ ಕೋಣೆಯಿಂದ ಸುನಂದಾ ಟೀಚರ ಮಕ್ಕಳು ಪ್ಯಾರಾಗ್ರಾಫನ್ನು ಹಾಡಿನಂತೆ ಓದುವುದು ಕೇಳಿಸಿತು. ಕಿವಿ ಅತ್ತ ಹೋಯಿತು. ಬುದ್ಧಿಯೂ ಅದರ ಹಿಂದೆಯೇ ಹೋಯಿತು. ಪದ್ಧತಿ ಸರಿಯಾಗೇ ಇದೆ, ವಿಷಯವಷ್ಟೇ ಭಾರಿಯಾಗಿರಬೇಕು ಎಂದುಕೊಂಡು, ಸಾಹೇಬರ ಮುಂದೆ ಬರೆಸಲು 'ನಮ್ಮ ಸರ್' ಎಂಬ ವಿಷಯ ಆರಿಸಿದೆ. ಹೊಗಳಿಕೆಯೂ ಆಯಿತು, ಪಾಠವೂ ಆಯಿತು!

"ಬ್ಯಾಡ್ರೀ. ಆಕಳಾ, ಕರಾ ಏನರ ಬರಸ್ರಿ. ನಿಮ್ಮ ಮರ್ಯಾದಿ ಹುಡುಗರ ಕೈಯಾಗ ಕೊಡಬ್ಯಾಡ್ರಿ" ಎಂದಳು ಗಿರಿಜಾ.

ಓದುಗರಿಗೆ ನನ್ನದೊಂದು ಸಲಹೆ: ಹೆಂಡತಿ ಬೇಡವೆಂದದ್ದನ್ನು ಮಾಡುವ ಮುನ್ನ ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ.

ಸಾಹೇಬರು ಬಂದರು. ಸುನಂದಾ ಟೀಚರ ಪಾಠ ನೋಡಿ ತಲೆದೂಗಿದರು. ಆಮೇಲೆ ನಮ್ಮ ಕೋಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಹೆಡ್‌ಮಾಸ್ತರರೂ ಸುನಂದಾ ಟೀಚರೂ ಬಾಗಿಲಲ್ಲಿ ನಿಂತರು. ನಾನು ಮೀಸೆ ತೀಡಿಕೊಂಡು, "ನೀಲವ್ವಾ, ಬರದದ್ದನ್ನ ಗಟ್ಟಿಯಾಗಿ ಓದು" ಎಂದೆ. ಅವಳು ಗಟ್ಟಿಯಾಗಿಯೇ ಓದಿದಳು.

"ಅವರ್ ಸರ್ ಈಸ್ ದಿ ಬೆಸ್ಟ್ ಟೀಚರ್ ಇನ್ ಇಂಡಿಯಾ."

ನಾನು ವಿನಯದಿಂದ ನೆಲ ನೋಡಿದೆ.

"ನೋ, ನೋ. ಬೆಸ್ಟ್ ಇನ್ ಕರ್ನಾಟಕ. ಓಕೆ, ಬೆಸ್ಟ್ ಇನ್ ಬೈಲಹೊಂಗಲ."

ಮುಂದಿನದು ನನಗೆ ಗೊತ್ತಾಗಿಬಿಟ್ಟಿತು. "ಸಾಕವಾ, ಕುಂಡ್ರು, ಕುಂಡ್ರು!" ಎಂದೆ. ಅವಳು ಕೂಡಲಿಲ್ಲ. ವ್ಯಾಪಾರ ಇನ್ನೂ ಮುಗಿದಿರಲಿಲ್ಲ.

"ಬೆಸ್ಟ್ ಇನ್ ಅವರ್ ಸ್ಕೂಲ್. ಫೈನಲ್, ಸುನಂದಾ ಟೀಚರ್ ಈಸ್ ಬೆಟರ್."

ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿನಿಂದ. "ಮಾಸ್ತರ, ಹುಡುಗಿ ನ್ಯಾಯವಾಗಿ ಮುಗಿಸ್ಯಾಳ ಬಿಡ್ರಿ!" ಎಂದರು.

ಸುನಂದಾ ಟೀಚರಾದರೂ ನಗಬಾರದಿತ್ತೆ? ನಗಲಿಲ್ಲ. "ಇಲ್ರಿ ಸಾಹೇಬ್ರ, ಹುಡುಗ್ರು ಅಂಜದ ಇಂಗ್ಲಿಷ್ ಬರದಾರ. ಅಷ್ಟ ಧೈರ್ಯ ನಮ್ಮ ಕ್ಲಾಸಿನ್ಯಾಗ ಇಲ್ರಿ" ಎಂದು ನನ್ನ ಪರವಾಗಿ ಮಾತಾಡಿದರು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳ್ಳೆಯತನದಲ್ಲೂ ನನ್ನನ್ನು ಹಿಂದೆ ಹಾಕುವುದೆ!

ಹದಿನೈದು ದಿನಕ್ಕೆ ಆದೇಶ ಬಂತು. ತರಬೇತುದಾರರು ಸುನಂದಾ ಟೀಚರ್. ನನ್ನ ಹೆಸರೂ ಇತ್ತು. ಅವರಿಂದ ಕಡ್ಡಾಯವಾಗಿ ಕಲಿಯಬೇಕಾದವರ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ!

ಸವದತ್ತಿಯ ತರಬೇತಿಯಲ್ಲಿ ಮೂರು ದಿನ ಕೈಕಟ್ಟಿ ಕುಳಿತೆ. ಎದ್ದು ಹೋಗುವಂತಿರಲಿಲ್ಲ. ಕಡೆಯ ದಿನ ನಾವೂ ಒಂದು ಪ್ಯಾರಾಗ್ರಾಫ್ ಬರೆಯಬೇಕಾಯಿತು. ನಾನು ನಾಲ್ಕು ಸಲ ಹೊಡೆದುಹಾಕಿ, ಐದನೆಯ ಸಲ ಅಂದವಾಗಿ ಬರೆದು ಕೊಟ್ಟೆ. ಸುನಂದಾ ಟೀಚರ್ ಓದಿ, ಕೆಂಪು ಪೆನ್ನಿನಲ್ಲಿ 'ಗುಡ್' ಎಂದು ಬರೆದರು. ಸುಳ್ಳೇಕೆ ಹೇಳಲಿ, ನನಗೆ ಹಿಗ್ಗು ತಡೆಯಲಾಗಲಿಲ್ಲ. ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಡಬೇಕೆನ್ನುವಾಗ ಪಕ್ಕದಲ್ಲಿದ್ದ ರಾಮದುರ್ಗದ ಮಾಸ್ತರರ ಹಾಳೆ ಕಣ್ಣಿಗೆ ಬಿತ್ತು.

ಆ ಮನುಷ್ಯನಿಗೆ 'ವೆರಿ ಗುಡ್' ಹಾಕಿದ್ದಾರೆ!