ಊಟದ ಹೊತ್ತಿನಲ್ಲಿ ಕ್ರ್ಯಾಂಕ್‌ಶಾಫ್ಟ್

ಏನೂ ಗೊತ್ತಿಲ್ಲದವನು ಸುಮ್ಮನಿರುತ್ತಾನೆ, ಪೂರ್ತಿ ಗೊತ್ತಿರುವವನೂ ಸುಮ್ಮನಿರುತ್ತಾನೆ; ಲೋಕಕ್ಕೆ ಕಾಟವೆಲ್ಲ ನನ್ನಂಥ ಅರ್ಧಂಬರ್ಧ ಗೊತ್ತಿರುವವರದು. ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿದವನು. ಓದು ಕೆಲಸ ಕೊಡಿಸಲಿಲ್ಲ, ವಿವರಿಸುವ ಚಟವನ್ನು ಮಾತ್ರ ಅಂಟಿಸಿತು. ಮದುವೆ ಮನೆಯಲ್ಲಿ ಜನರೇಟರ್ ಕೆಟ್ಟರೆ ಉಳಿದವರು ಮೆಕ್ಯಾನಿಕ್‌ನನ್ನು ಹುಡುಕುತ್ತಾರೆ, ನಾನು ಕೇಳುವ ಕಿವಿ ಹುಡುಕುತ್ತೇನೆ.

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಅಣ್ಣನೂ ನಾನೂ ಸೇರಿ ಪವರ್‌ಲೂಮ್ ನಡೆಸುತ್ತಿದ್ದೆವು. ತೊಂಬತ್ತರ ಆಚೀಚೆಯ ಆ ವರ್ಷಗಳಲ್ಲಿ ಕರೆಂಟು ಹೊಸ ಅಳಿಯನ ಹಾಗೆ, ಮನಸ್ಸು ಬಂದರೆ ಬಂತು. ಹಾಗಾಗಿ ಹಿತ್ತಿಲಲ್ಲಿ ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್. ಅದರಿಂದ ಬೆಲ್ಟು, ಬೆಲ್ಟಿನಿಂದ ಸೂರಿನಡಿ ಉದ್ದಕ್ಕೂ ಮಲಗಿದ ಕಬ್ಬಿಣದ ಶಾಫ್ಟು, ಶಾಫ್ಟಿನಿಂದ ಎಲ್ಲ ಮಗ್ಗಗಳಿಗೂ ಓಟ. ಇದನ್ನು ಹೊರಡಿಸಲು ಇಬ್ಬರು ಬೇಕು. ನಾನು ಹ್ಯಾಂಡಲ್ ತಿರುಗಿಸುವುದು, ಅಣ್ಣ ಎಂಜಿನ್ ತಲೆಯ ಮೇಲಿನ ಲಿವರ್ ಎತ್ತಿ ಹಿಡಿಯುವುದು. ಲಿವರ್ ಎತ್ತಿದ್ದರೆ ಒಳಗಿನ ಗಾಳಿ ಎದುರಾಡುವುದಿಲ್ಲ, ಚಕ್ರ ಹಗುರಾಗಿ ತಿರುಗುತ್ತದೆ. ವೇಗ ಬಂದಾಗ ಬಿಟ್ಟರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಮೊದಲೇ ಬಿಟ್ಟರೆ ಹ್ಯಾಂಡಲ್ ಹಿಂದಕ್ಕೆ ಹೊಡೆದು ಮಣಿಕಟ್ಟು ಮುರಿಯುತ್ತದೆ. ಅಣ್ಣ ಸದ್ದು ಕೇಳಿಯೇ ಬಿಡುತ್ತಿದ್ದ. ಅವನ ಕಿವಿ ತಪ್ಪಿದ್ದು ನಾನು ಕಂಡಿಲ್ಲ.

ಒಂದು ಭಾನುವಾರ ಊಟಕ್ಕೆ ಕೂತಾಗ, ಈ ಎಂಜಿನ್ ಒಳಗೆ ನಡೆಯುವುದೇನು ಎಂದು ಅತ್ತಿಗೆ ಕೇಳಿಬಿಟ್ಟರು. ನನಗೆ ಅಷ್ಟೇ ಸಾಕಾಯಿತು. ಪಿಸ್ಟನ್ನಿಗೆ ಗೊತ್ತಿರುವುದು ಮೇಲೆ ಹೋಗುವುದು, ಕೆಳಗೆ ಬರುವುದು, ಅಷ್ಟೇ. ರಾಗಿ ಕಲ್ಲಿನ ಗೂಟ ನಡುವಿನಲ್ಲಿರದೆ ಅಂಚಿನಲ್ಲಿರುತ್ತದಲ್ಲ, ಅದಕ್ಕೇ ಕೈ ಹಿಂದೆ ಮುಂದೆ ಆಡಿದರೂ ಕಲ್ಲು ಸುತ್ತುತ್ತದೆ. ಎಂಜಿನ್ ಒಳಗಿನ ಕ್ರ್ಯಾಂಕ್‌ಶಾಫ್ಟಿಗೂ ಹಾಗೇ ಪಕ್ಕಕ್ಕೆ ಬಾಗಿದ ಒಂದು ಮೊಣಕೈ. ಪಿಸ್ಟನ್ನಿನ ಸರಳು ಅದನ್ನು ಹಿಡಿದು ತಳ್ಳಿದರೆ ಶಾಫ್ಟು ಸುತ್ತುತ್ತದೆ. ಇಷ್ಟಕ್ಕೇ ನಿಲ್ಲಿಸಿದ್ದರೆ ಮನೆ ಉಳಿಯುತ್ತಿತ್ತು. ಪಿಸ್ಟನ್ನಿಗೆ ನಾಲ್ಕು ಸರದಿ, ಗಾಳಿ ಎಳೆಯುವುದು, ಅದನ್ನು ಅದುಮುವುದು, ಡೀಸೆಲ್ ಉರಿದು ತಳ್ಳುವುದು, ಹೊಗೆ ಹೊರಹಾಕುವುದು. ದುಡಿಯುವುದು ಮೂರನೆಯದೊಂದೇ, ಉಳಿದವೆಲ್ಲ ಅದರ ದುಡಿಮೆಯಲ್ಲಿ ಸುತ್ತುತ್ತವೆ ಎಂದೆ. ಅಣ್ಣ ಮುದ್ದೆ ಮುರಿಯುತ್ತಾ, "ಹಂಗಾದ್ರೆ ಅದ್ರಲ್ಲಿ ನಾನ್ಯಾವುದಪ್ಪಾ?" ಎಂದ. ತಮಾಷೆಗೇ ಕೇಳಿದ್ದು. ಮಗ್ಗದ ಮುಂದೆ ನಾನು ಬೆವರುವಾಗ ಅವನು ಸೀರೆ ಗಂಟು ಹೊತ್ತು ಮಾರಲು ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ ಬರುವುದೂ ಒಂದು ಕೆಲಸವೇ ಎಂಬ ಹೊಟ್ಟೆಯುರಿ ನನ್ನೊಳಗೆ ಎಷ್ಟು ವರ್ಷದ್ದಿತ್ತೋ.

"ನೀನು ಹೊಗೆ ಬಿಡೋದು ಕಣಣ್ಣ," ಎಂದುಬಿಟ್ಟೆ.

ಅವನು ನಗಲಿಲ್ಲ. ಅತ್ತಿಗೆ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟು ಒಳಗೆ ಹೋದರು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಸುಮ್ಮನೆಯೇ? ಶ್ರಾವಣದ ಹೊತ್ತಿಗೆ ಪಾಲಾಯಿತು. ಹಿರಿಯರು ಕೂತು ಮಗ್ಗ ಹಂಚಿದರು, ನಡುವೆ ಗೋಡೆ ಎದ್ದಿತು. ಶಾಫ್ಟನ್ನು ಮಾತ್ರ ಹಂಚಲಾಗಲಿಲ್ಲ. ಗೋಡೆಯಲ್ಲಿ ತೂತು ಬಿಟ್ಟು ಹಾಯಿಸಿದರು. ಎಂಜಿನ್ ನನ್ನ ಕಡೆ ಉಳಿಯಿತು, ಓಟ ಇಬ್ಬರಿಗೂ. ಅಣ್ಣತಮ್ಮಂದಿರ ಮಾತು ನಿಂತರೂ ಮಗ್ಗಗಳು ಒಟ್ಟಿಗೇ ಬಡಿಯುತ್ತಿದ್ದವು.

ಈಗ ಲಿವರ್ ಹಿಡಿಯಲು ನನ್ನ ಹೆಂಡತಿ ಶಾರದೆ. ಮೊದಲ ದಿನವೇ ಬೇಗ ಬಿಟ್ಟಳು. ನನ್ನ ಮಣಿಕಟ್ಟು ಊದಿಕೊಂಡಿತು. ಮುಂದಿನ ಸಲ ತಿರುಗಿಸುತ್ತಿದ್ದಾಗ ಗೋಡೆಯ ತೂತಿನಿಂದ ಅಣ್ಣನ ದನಿ ಬಂತು: "ಈಗ ಬಿಡಮ್ಮಾ." ಬಿಟ್ಟಳು, ಹಿಡಿಯಿತು. ಆಮೇಲೆ ಪ್ರತಿಸಲವೂ ಹಾಗೇ. ನನ್ನೊಡನೆ ಮಾತಿಲ್ಲ, ಅವಳಿಗೆ ಅದೊಂದು ಮಾತು. ತನ್ನ ಮಗ್ಗ ಓಡಬೇಕಲ್ಲ, ಎಲ್ಲ ಸ್ವಾರ್ಥ ಎಂದು ಶಾರದೆಗೆ ಹೇಳಿದೆ. "ಉಳೀತಿರೋ ಕೈ ನಿಮ್ದಲ್ವಾ?" ಎಂದಳು. ತಪ್ಪಾಯ್ತಣ್ಣ ಎನ್ನುವುದಕ್ಕೆ ಆ ತೂತಿನಲ್ಲಿ ಬೇಕಾದಷ್ಟು ಜಾಗವಿತ್ತು. ಲೋಕಕ್ಕೆಲ್ಲ ವಿವರಿಸುವ ಬಾಯಿಗೆ ಅದೊಂದು ಬರಲಿಲ್ಲ.

ವರ್ಷ ತುಂಬುವುದರೊಳಗೆ ಅಣ್ಣ ತನ್ನದೇ ಎಂಜಿನ್ ತಂದ. ಗೋಡೆಯ ಹತ್ತಿರ ಶಾಫ್ಟನ್ನು ಕೊಯ್ಯಿಸಿದ. ಗಾರೆಯವನು ಬಂದು ತೂತು ಮುಚ್ಚಿ ನೀಟಾಗಿ ಸಿಮೆಂಟು ಬಳಿದು ಹೋದ. ಇನ್ನು ಯಾರ ಹಂಗೂ ಇಲ್ಲ ಎಂದು ನಾನೂ ಊರೆಲ್ಲ ಹೇಳಿಕೊಂಡು ತಿರುಗಿದೆ.

ಆ ವಾರವೇ ಕರೆಂಟು ಹೋಯಿತು. ಆಚೆ ಕಡೆ ಅಣ್ಣನ ಎಂಜಿನ್ ಆಗಲೇ ಓಡುತ್ತಿತ್ತು. ನಾನು ಹ್ಯಾಂಡಲ್ ತಿರುಗಿಸತೊಡಗಿದೆ. ಚಕ್ರಕ್ಕೆ ವೇಗ ಬಂತು, ತೋಳು ಸೋಲುತ್ತಾ ಬಂತು. ಶಾರದೆ ಲಿವರ್ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಬಿಡ್ಲಾ?"

"ತಡಿ," ಎಂದೆ, ಸಿಮೆಂಟು ಬಳಿದ ಗೋಡೆಯ ಕಡೆ ಕಿವಿಯಿಟ್ಟು, ತಿರುಗಿಸುತ್ತಲೇ.